ವಿಎಸ್ ಕೋಡ್ ಹಾಕಿದ್ದಾಯಿತು, ಪ್ರೋಗ್ರಾಂ ಯಾಕೆ ಓಡುತ್ತಿಲ್ಲ?

ಪ್ರಶ್ನೆ: ನಾನು ಹಾಸನದಲ್ಲಿ ಬಿಸಿಎ ಓದುತ್ತಿದ್ದೇನೆ, ಎರಡನೇ ಸೆಮಿಸ್ಟರ್. ಕಾಲೇಜ್ ಲ್ಯಾಬಿನಲ್ಲಿ ಇನ್ನೂ ಟರ್ಬೋ ಸಿ++ನ ನೀಲಿ ಸ್ಕ್ರೀನಿನಲ್ಲೇ ಸಿ ಕಲಿಸುತ್ತಾರೆ. ಸೀನಿಯರ್‌ಗಳು “ಅದು ಓಬೀರಾಯನ ಕಾಲದ್ದು, ವಿಎಸ್ ಕೋಡ್ ಹಾಕ್ಕೋ” ಅಂದರು. ಮನೆಯ ಲ್ಯಾಪ್‌ಟಾಪಿಗೆ ಹಾಕಿದೆ. ವಿಂಡೋಸ್ 10, 4 ಜಿಬಿ ರ್‍ಯಾಮ್. ರನ್ ಒತ್ತಿದರೆ ‘ಜಿಸಿಸಿ ಈಸ್ ನಾಟ್ ರೆಕಗ್ನೈಸ್ಡ್’ ಅಂತ ಬರುತ್ತದೆ. ಕೋಡ್ ಬರೆಯಲು ಯಾವ ಐಡಿಇಯಿಂದ ಶುರು ಮಾಡಬೇಕು? ಮುಂದೆ ಪೈಥಾನ್, ಜಾವಾ ಎಲ್ಲ ಇದೆ, ಒಂದೊಂದಕ್ಕೂ ಒಂದೊಂದು ಕಲಿಯಬೇಕಾ? ಎಐ ಕೈಯಲ್ಲಿ ಕೋಡ್ ಬರೆಸಿದರೆ ತಪ್ಪಾ? ಲ್ಯಾಪ್‌ಟಾಪೇ ಬದಲಾಯಿಸಬೇಕಾ?

ಉತ್ತರ: ನಿಮ್ಮ ಲ್ಯಾಪ್‌ಟಾಪಿನಲ್ಲಿ ಏನೂ ಕೆಟ್ಟಿಲ್ಲ, ನೀವು ಇನ್‌ಸ್ಟಾಲ್ ಮಾಡಿದ್ದರಲ್ಲೂ ತಪ್ಪಿಲ್ಲ. ವಿಎಸ್ ಕೋಡ್ (ಪೂರ್ತಿ ಹೆಸರು ವಿಷುಯಲ್ ಸ್ಟುಡಿಯೋ ಕೋಡ್) ಜೊತೆಗೆ ಸಿ ಕಂಪೈಲರ್ ಬರುವುದೇ ಇಲ್ಲ, ವಿಷಯ ಇಷ್ಟೇ. ನೀವು ಟೈಪ್ ಮಾಡಿದ್ದಕ್ಕೆ ಅದು ಬಣ್ಣ ಕೊಡುತ್ತದೆ, ಅರ್ಧ ಬರೆದ ಹೆಸರನ್ನು ಪೂರ್ತಿ ಮಾಡುತ್ತದೆ, ಫೈಲುಗಳನ್ನು ಜೋಡಿಸಿ ಇಡುತ್ತದೆ. ಆದರೆ ಆ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಮಾಡುವುದು ಕಂಪೈಲರ್, ಜಿಸಿಸಿ ಅಂಥದ್ದೊಂದು. ವಿಎಸ್ ಕೋಡ್ “ಜಿಸಿಸಿ ಎಲ್ಲಿದ್ದೀಯಪ್ಪಾ” ಎಂದು ಕೂಗಿದೆ, ವಿಂಡೋಸ್ “ಆ ಹೆಸರಿನವರು ಇಲ್ಲಿ ಯಾರೂ ಇಲ್ಲ” ಅಂದಿದೆ. ನಿಮಗೆ ಕಂಡ ಎರರ್ ಅದೇ.

ಟರ್ಬೋದಲ್ಲಿ ಈ ತಾಪತ್ರಯ ಯಾಕಿರಲಿಲ್ಲ? ಅದರಲ್ಲಿ ಎಡಿಟರ್, ಕಂಪೈಲರ್, ಲಿಂಕರ್ (ಕಂಪೈಲ್ ಆದ ತುಂಡುಗಳನ್ನು ಜೋಡಿಸುವುದು), ಡೀಬಗರ್ (ತಪ್ಪು ಹುಡುಕಲು ನೆರವಾಗುವುದು) ಎಲ್ಲ ಒಂದೇ ಪೊಟ್ಟಣದಲ್ಲಿದ್ದವು. ಬೋರ್ಲಂಡ್ ಕಂಪನಿ 1983ರಲ್ಲಿ ಟರ್ಬೋ ಪ್ಯಾಸ್ಕಲ್ ತಂದಾಗ ಜನ ಮುಗಿಬಿದ್ದು ಕೊಂಡಿದ್ದಕ್ಕೆ ಒಂದು ಕಾರಣ ಇದೇ: ಒಂದು ಕಡೆ ಬರೆದು, ಆಚೆ ಬಂದು, ಇನ್ನೊಂದು ಕಡೆ ಕಂಪೈಲ್ ಮಾಡುವ ಓಡಾಟ ತಪ್ಪಿತು. 1987ರಲ್ಲಿ ಟರ್ಬೋ ಸಿ, 1990ರಲ್ಲಿ ಟರ್ಬೋ ಸಿ++ ಬಂದವು. ಐಡಿಇ ಎಂದರೆ ಹೀಗೆ ಎಲ್ಲವನ್ನೂ ಒಂದೇ ಕಿಟಕಿಯಲ್ಲಿ ಕೊಡುವ ಸಾಫ್ಟ್‌ವೇರ್. ವಿಎಸ್ ಕೋಡ್ ಹುಟ್ಟಿನಿಂದ ಐಡಿಇ ಅಲ್ಲ, ಎಡಿಟರ್. 2015ರಲ್ಲಿ ಮೈಕ್ರೋಸಾಫ್ಟ್ ಅದನ್ನು ಹಗುರವಾದ ಎಡಿಟರ್ ಆಗಿಯೇ ಬಿಟ್ಟಿತು. ಬೇಕಾದ ಎಕ್ಸ್‌ಟೆನ್ಷನ್, ಬೇಕಾದ ಕಂಪೈಲರ್ ಸೇರಿಸಿ ಅದನ್ನು ಐಡಿಇ ಮಾಡಿಕೊಳ್ಳುವುದು ನಮ್ಮ ಕೆಲಸ. ಅಂದಹಾಗೆ ‘ವಿಷುಯಲ್ ಸ್ಟುಡಿಯೋ’ ಎಂಬುದು ಬೇರೆಯೇ ಸಾಫ್ಟ್‌ವೇರ್, ನೇರಳೆ ಬಣ್ಣದ ಗುರುತಿನದು. ಸಿ++ ಭಾಗ ಸೇರಿದರೆ ಹಲವು ಜಿಬಿ ಜಾಗ ತಿನ್ನುತ್ತದೆ. ಹೆಸರು ಒಂದೇ ಥರ ಇದೆ ಎಂದು ಅದನ್ನು ಡೌನ್‌ಲೋಡ್ ಮಾಡಿ ಡೇಟಾ ಖಾಲಿ ಮಾಡಿಕೊಳ್ಳಬೇಡಿ.

ಯಾವ ಐಡಿಇ ಎಂಬ ಪ್ರಶ್ನೆಗೆ ಹೋಗುವ ಮೊದಲು ಒಂದು ಸಲ ಐಡಿಇ ಇಲ್ಲದೆ ಪ್ರೋಗ್ರಾಂ ಓಡಿಸಿ ನೋಡಿ. ಅರ್ಧ ದಿನದ ಕೆಲಸ. ಆಮೇಲೆ ಯಾವ ಐಡಿಇ ಮುಂದೆ ಕೂತರೂ ರನ್ ಬಟನ್ ಹಿಂದೆ ಏನು ನಡೆಯುತ್ತಿದೆ ಎಂದು ಗೊತ್ತಿರುತ್ತದೆ, ಕೆಟ್ಟಾಗ ಎಲ್ಲಿ ಹುಡುಕಬೇಕೆಂಬುದೂ ಗೊತ್ತಿರುತ್ತದೆ.

ಕಂಪೈಲರಿಗೆ ಎಂಎಸ್‌ವೈಎಸ್2 ಎಂಬುದನ್ನು ಅದರ ಸ್ವಂತ ಸೈಟಿನಿಂದಲೇ ಇಳಿಸಿಕೊಳ್ಳಿ, ಪುಕ್ಕಟೆ. ಇನ್‌ಸ್ಟಾಲ್ ಆದ ಮೇಲೆ ಒಂದು ಟರ್ಮಿನಲ್, ಅಂದರೆ ಕಮಾಂಡ್ ಬರೆಯುವ ಕಿಟಕಿ, ತೆರೆದುಕೊಳ್ಳುತ್ತದೆ. ಅದರಲ್ಲಿ ಪ್ಯಾಕ್‌ಮ್ಯಾನ್ ಕಮಾಂಡಿನಿಂದ ಯುಸಿಆರ್‌ಟಿ64ರ ‘ಟೂಲ್‌ಚೈನ್’ ಗುಂಪನ್ನು ಹಾಕಿಸಿಕೊಳ್ಳಬೇಕು. ವಿಎಸ್ ಕೋಡ್‌ನ ಅಧಿಕೃತ ಸಹಾಯ ಪುಟದಲ್ಲಿ ಆ ಕಮಾಂಡ್ ಇದ್ದ ಹಾಗೇ ಇದೆ, ಕಾಪಿ ಮಾಡಿ ಅಂಟಿಸಿದರಾಯಿತು. ಬರೀ ಜಿಸಿಸಿ ಹಾಕಿದರೆ ಡೀಬಗರ್ ಬರುವುದಿಲ್ಲ. ಗುಂಪಿನಲ್ಲಿ ಜಿಡಿಬಿ ಎಂಬ ಡೀಬಗರ್ ಕೂಡ ಇರುತ್ತದೆ, ಮುಂದೆ ಬೇಕಾಗುವುದೇ ಅದು.

ಈಗ ಹೆಚ್ಚಿನವರು ಎಡವುವ ಜಾಗ. ಕಂಪೈಲರ್ ಡಿಸ್ಕಿನಲ್ಲಿ ಬಂದು ಕೂತರೂ ವಿಂಡೋಸಿಗೆ ಅದರ ವಿಳಾಸ ಗೊತ್ತಿರುವುದಿಲ್ಲ. ಸ್ಟಾರ್ಟ್ ಮೆನುವಿನಲ್ಲಿ ಎನ್ವಿರಾನ್‌ಮೆಂಟ್ ವೇರಿಯಬಲ್ಸ್ ಎಂದು ಹುಡುಕಿ, ನಿಮ್ಮ ಯೂಸರಿನ ಕೆಳಗಿರುವ ‘ಪಾತ್’ ಆರಿಸಿ ಎಡಿಟ್ ಒತ್ತಿ. ಹೊಸ ಸಾಲೊಂದರಲ್ಲಿ ಸಿ ಡ್ರೈವಿನ ಎಂಎಸ್‌ವೈಎಸ್64 ಫೋಲ್ಡರ್, ಅದರೊಳಗೆ ಯುಸಿಆರ್‌ಟಿ64, ಅದರೊಳಗೆ ಬಿನ್, ಈ ಪೂರ್ತಿ ವಿಳಾಸ ಸೇರಿಸಿ. ಅಲ್ಲಿ ಮೊದಲಿಂದ ಇರುವ ಸಾಲುಗಳನ್ನು ಮುಟ್ಟಬೇಡಿ. ಓಕೆ ಕೊಟ್ಟ ಮೇಲೆ ವಿಎಸ್ ಕೋಡ್‌ನ ಎಲ್ಲ ಕಿಟಕಿಗಳನ್ನೂ ಮುಚ್ಚಿ ಮತ್ತೆ ತೆರೆಯಿರಿ. ಪ್ರೋಗ್ರಾಂ ಶುರುವಾಗುವಾಗ ಪಾತ್ ಏನಿತ್ತೋ ಅದನ್ನೇ ಅದು ಹಿಡಿದುಕೊಂಡಿರುತ್ತದೆ, ನಡುವೆ ಬದಲಾದದ್ದು ಅದಕ್ಕೆ ಕಾಣುವುದಿಲ್ಲ. “ಪಾತ್ ಹಾಕಿದೆ ಸರ್, ಆದರೂ ಅದೇ ಎರರ್” ಎಂದು ಬರುವವರಲ್ಲಿ ಬಹಳಷ್ಟು ಜನ ಇದೊಂದನ್ನು ಮಾಡಿರುವುದಿಲ್ಲ.

ಈಗ ನೋಟ್‌ಪ್ಯಾಡಿನಲ್ಲಿ ನಾಲ್ಕು ಸಾಲಿನ ಸಿ ಪ್ರೋಗ್ರಾಂ ಬರೆಯಿರಿ. ಸೇವ್ ಮಾಡುವಾಗ ‘ಸೇವ್ ಆ್ಯಸ್ ಟೈಪ್’ನಲ್ಲಿ ‘ಆಲ್ ಫೈಲ್ಸ್’ ಆರಿಸಿ. ಇಲ್ಲದಿದ್ದರೆ ಫೈಲಿನ ಹೆಸರಿನ ಬಾಲಕ್ಕೆ ನೋಟ್‌ಪ್ಯಾಡ್ ತನ್ನ ಟಿಎಕ್ಸ್‌ಟಿ ಸೇರಿಸುತ್ತದೆ, ವಿಂಡೋಸ್ ಆ ಬಾಲವನ್ನು ತೋರಿಸದೆ ಮುಚ್ಚಿಡುತ್ತದೆ. ಆ ಫೋಲ್ಡರಿನಲ್ಲೇ ಕಮಾಂಡ್ ಪ್ರಾಂಪ್ಟ್ ತೆರೆದು ಜಿಸಿಸಿ ಎಂದು ಬರೆದು, ಜಾಗ ಬಿಟ್ಟು, ಫೈಲಿನ ಹೆಸರು ಕೊಟ್ಟು ಎಂಟರ್ ಒತ್ತಿ. ಏನೂ ಹೇಳದೆ ಸುಮ್ಮನೆ ಮುಂದಿನ ಸಾಲಿಗೆ ಬಂದರೆ ಕೆಲಸ ಆಯಿತು ಎಂದೇ ಅರ್ಥ. ಫೋಲ್ಡರಿನಲ್ಲಿ ‘ಎ’ ಎಂಬ ಹೊಸ ಇಎಕ್ಸ್‌ಇ ಫೈಲ್ ಕೂತಿರುತ್ತದೆ. ಕಮಾಂಡ್ ಪ್ರಾಂಪ್ಟಿನಲ್ಲಿ ಬರೀ ಎ ಎಂದು ಬರೆದರೆ ಓಡುತ್ತದೆ. ವಿಎಸ್ ಕೋಡ್ ಒಳಗಿನ ಟರ್ಮಿನಲ್ ಸಾಮಾನ್ಯವಾಗಿ ಪವರ್‌ಶೆಲ್ ಆಗಿರುವುದರಿಂದ ಅಲ್ಲಿ ಹೆಸರಿನ ಮುಂದೆ ಒಂದು ಚುಕ್ಕಿ, ಒಂದು ಬ್ಯಾಕ್‌ಸ್ಲ್ಯಾಶ್ ಬೇಕು. ನೀಲಿ ಸ್ಕ್ರೀನಿನಲ್ಲಿ ಕಂಟ್ರೋಲ್ ಎಫ್9 ಒತ್ತಿದಾಗ ತೆರೆಯ ಹಿಂದೆ ಆಗುತ್ತಿದ್ದದ್ದೂ ಇದೇ.

ಇನ್ನು ವಿಎಸ್ ಕೋಡ್‌ಗೆ ವಾಪಸ್ ಬನ್ನಿ. ಮೈಕ್ರೋಸಾಫ್ಟಿನ ‘ಸಿ/ಸಿ++’ ಎಕ್ಸ್‌ಟೆನ್ಷನ್ ಒಂದು ಸಾಕು. ಒಂಟಿ ಫೈಲ್ ತೆರೆಯಬೇಡಿ, ‘ಓಪನ್ ಫೋಲ್ಡರ್’ ಕೊಟ್ಟು ಫೋಲ್ಡರನ್ನೇ ತೆರೆಯಿರಿ. ಅದರ ಸೆಟ್ಟಿಂಗ್‌ಗಳೆಲ್ಲ ಫೋಲ್ಡರಿಗೆ ಅಂಟಿಕೊಂಡಿರುತ್ತವೆ. ಆ ಫೋಲ್ಡರ್ ಡೆಸ್ಕ್‌ಟಾಪಿನಲ್ಲಿ ಬೇಡ, ಬಹಳ ಲ್ಯಾಪ್‌ಟಾಪುಗಳಲ್ಲಿ ಡೆಸ್ಕ್‌ಟಾಪ್ ಒನ್‌ಡ್ರೈವಿಗೆ ಸಿಂಕ್ ಆಗುತ್ತಿರುತ್ತದೆ. ಸಿ ಡ್ರೈವಿನಲ್ಲಿ ನೇರವಾಗಿ, ಖಾಲಿ ಜಾಗವಿಲ್ಲದ ಸಣ್ಣ ಇಂಗ್ಲಿಷ್ ಹೆಸರು ಕೊಟ್ಟು ಮಾಡಿಕೊಳ್ಳಿ. ಫೋಲ್ಡರಿಗೆ ಕನ್ನಡದಲ್ಲಿ ಹೆಸರಿಡುವ ಆಸೆ ನನಗೂ ಇದೆ, ಆದರೆ ವಿಂಡೋಸಿನ ಮೇಲಿನ ಜಿಡಿಬಿಯಂಥ ಹಳಬರಿಗೆ ಅದು ಇನ್ನೂ ಸರಿಯಾಗಿ ಒಗ್ಗಿಲ್ಲ.

ಎರಡು ಚಿಕ್ಕ ಬಲೆಗಳಿವೆ. ಟ್ಯಾಬಿನ ಮೇಲೆ ಫೈಲಿನ ಹೆಸರಿನ ಪಕ್ಕ ಒಂದು ದುಂಡನೆಯ ಚುಕ್ಕಿ ಕಂಡರೆ ಫೈಲ್ ಸೇವ್ ಆಗಿಲ್ಲ ಎಂದರ್ಥ. ತಿದ್ದಿದ್ದೀರಿ, ಔಟ್‌ಪುಟ್ ಮಾತ್ರ ಹಳೆಯದೇ ಬರುತ್ತಿದೆ ಎಂದಾದರೆ ಮೊದಲು ಆ ಚುಕ್ಕಿ ನೋಡಿ. ಫೈಲ್ ಮೆನುವಿನಲ್ಲಿ ‘ಆಟೋ ಸೇವ್’ ಆನ್ ಮಾಡಿದರೆ ಈ ಗೋಳಿಲ್ಲ. ಇನ್ನೊಂದು ಬಲೆ ‘ಕೋಡ್ ರನ್ನರ್’ ಎಂಬ ಎಕ್ಸ್‌ಟೆನ್ಷನ್. ಯೂಟ್ಯೂಬ್ ನೋಡಿ ಎಲ್ಲರೂ ಹಾಕಿಕೊಳ್ಳುತ್ತಾರೆ. ಬರೀ ಪ್ರಿಂಟ್‌ಎಫ್ ಇರುವವರೆಗೆ ಚೆನ್ನಾಗಿ ನಡೆಯುತ್ತದೆ, ಸ್ಕ್ಯಾನ್‌ಎಫ್ ಬಂದ ಕೂಡಲೇ ಪ್ರೋಗ್ರಾಂ ನಿಂತಲ್ಲೇ ನಿಲ್ಲುತ್ತದೆ, ಸಂಖ್ಯೆ ಒತ್ತಿದರೂ ಮೂಡುವುದಿಲ್ಲ. ಕಾರಣ ಸರಳ: ಅದು ಓಡಿಸುವುದು ‘ಔಟ್‌ಪುಟ್’ ಟ್ಯಾಬಿನಲ್ಲಿ, ಆ ಟ್ಯಾಬ್ ಇರುವುದು ಓದುವುದಕ್ಕೆ ಮಾತ್ರ. ಸೆಟ್ಟಿಂಗ್ಸಿನಲ್ಲಿ ಕೋಡ್ ರನ್ನರಿನ ‘ರನ್ ಇನ್ ಟರ್ಮಿನಲ್’ ಗೆ ಟಿಕ್ ಹಾಕಿದರೆ ಸರಿಯಾಗುತ್ತದೆ. ಆ ಎಕ್ಸ್‌ಟೆನ್ಷನ್ ಇಲ್ಲದೆಯೂ ಎಲ್ಲ ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಓದಿ ತಲೆ ತಿರುಗುತ್ತಿದ್ದರೆ ವಿಎಸ್ ಕೋಡ್ ಸದ್ಯಕ್ಕೆ ಪಕ್ಕಕ್ಕಿಡಿ, ಹಟ ಬೇಡ. ಈ ಸೆಮಿಸ್ಟರಿಗೆ ಕೋಡ್‌ಬ್ಲಾಕ್ಸ್ ಎಂಬ ಐಡಿಇ ಹಾಕಿಕೊಳ್ಳಿ. 4 ಜಿಬಿಯಲ್ಲಿ ಆರಾಮವಾಗಿ ಓಡುತ್ತದೆ. ಡೌನ್‌ಲೋಡ್ ಪುಟದಲ್ಲಿ ಹಲವು ಫೈಲುಗಳಿರುತ್ತವೆ. ಹೆಸರಿನಲ್ಲಿ ‘ಮಿನ್‌ಜಿಡಬ್ಲ್ಯೂ’ ಇರುವುದನ್ನೇ ಆರಿಸಿ, ಕಂಪೈಲರ್ ಅದರಲ್ಲೇ ಸೇರಿರುತ್ತದೆ. ಅದಿಲ್ಲದ್ದನ್ನು ಹಾಕಿದರೆ ಈಗಿನ ಕಥೆಯೇ ಪುನಃ. ಇನ್ನೊಂದು ಮಾತು, ಕೋಡ್‌ಬ್ಲಾಕ್ಸಿನಲ್ಲಿ ಒಂಟಿ ಫೈಲನ್ನು ಓಡಿಸಬಹುದು, ಡೀಬಗ್ ಮಾಡಲಾಗದು. ಡೀಬಗ್ ಬೇಕೆಂದರೆ ‘ಕನ್ಸೋಲ್ ಅಪ್ಲಿಕೇಷನ್’ ಪ್ರಾಜೆಕ್ಟ್ ಮಾಡಿ ಅದರೊಳಗೆ ಬರೆಯಬೇಕು.

ಡೀಬಗ್ ಮಾತು ಬಂತಲ್ಲ, ಐಡಿಇ ಎಂಬುದಕ್ಕೆ ಬೆಲೆ ಇರುವುದೇ ಅದರಿಂದ. ಬಣ್ಣ, ಥೀಮ್, ಐಕಾನು ಇವೆಲ್ಲ ಆಮೇಲೆ. ಒಂದು ಉದಾಹರಣೆ ಮಾಡಿ ನೋಡೋಣ. ಐದು ವಿಷಯಗಳ ಅಂಕಗಳ ಸರಾಸರಿ ತೆಗೆಯುವ ಪ್ರೋಗ್ರಾಂ, ನಿಮ್ಮ ಲ್ಯಾಬ್ ಮ್ಯಾನ್ಯುಯಲ್ಲಿನಲ್ಲೂ ಇದ್ದೀತು. ಅಂಕಗಳನ್ನು ಪ್ರತಿಸಲ ಟೈಪ್ ಮಾಡುತ್ತ ಕೂರಬೇಡಿ, ಅರೇಯಲ್ಲೇ ಬರೆದುಬಿಡಿ: 72, 65, 80, 58, 91. ಐ ಎಂಬ ವೇರಿಯಬಲ್ ಸೊನ್ನೆಯಿಂದ ಶುರುವಾಗುವ ಫಾರ್ ಲೂಪಿನಲ್ಲಿ ಬೇಕೆಂದೇ ತಪ್ಪು ಮಾಡಿ, ‘<5’ ಬದಲು ‘<=5’ ಎಂದು ಬರೆಯಿರಿ. ಕಂಪೈಲರ್ ತಕರಾರು ಮಾಡದೆ ಒಪ್ಪಿಕೊಳ್ಳುವ ಸಾಧ್ಯತೆಯೇ ಹೆಚ್ಚು. ಉತ್ತರ ಮಾತ್ರ ಏನೇನೋ ಬರಬಹುದು.

ಈಗ ವಿಎಸ್ ಕೋಡ್‌ನಲ್ಲಿ ಮೊತ್ತ ಕೂಡುವ ಸಾಲಿನ ಎಡಕ್ಕೆ, ಸಾಲಿನ ಸಂಖ್ಯೆಗೂ ಆಚೆ, ಕ್ಲಿಕ್ ಮಾಡಿ. ಕೆಂಪು ಚುಕ್ಕಿ ಮೂಡುತ್ತದೆ, ಅದು ಬ್ರೇಕ್‌ಪಾಯಿಂಟ್. ಎಫ್5 ಒತ್ತಿ, ಬರೀ ಎಫ್5ಗೆ ಲ್ಯಾಪ್‌ಟಾಪಿನ ಬೆಳಕು ಹೆಚ್ಚುಕಡಿಮೆ ಆದರೆ ಎಫ್‌ಎನ್ ಕೀಲಿಯನ್ನೂ ಒತ್ತಿಹಿಡಿಯಿರಿ. ಯಾವುದರಿಂದ ಡೀಬಗ್ ಮಾಡಲಿ ಎಂದು ಕೇಳಿದರೆ ಪಟ್ಟಿಯಲ್ಲಿ ಜಿಸಿಸಿ ಹೆಸರಿರುವುದನ್ನು ಆರಿಸಿ. ಪ್ರೋಗ್ರಾಂ ಆ ಸಾಲಿಗೆ ಬಂದು ನಿಲ್ಲುತ್ತದೆ, ಸಾಲಿಗೆ ಹಳದಿ ಬಣ್ಣ ಬರುತ್ತದೆ. ಹಳದಿ ಸಾಲು ಇನ್ನೂ ನಡೆದಿಲ್ಲ, ನಡೆಯಲಿರುವ ಸಾಲು ಅದು. ಹೊಸಬರು ತಿರುಗಾಮುರುಗಾ ಅರ್ಥ ಮಾಡಿಕೊಂಡು “ಮೊತ್ತ ಇನ್ನೂ ಸೊನ್ನೆ ಯಾಕಿದೆ” ಎಂದು ಗೊಂದಲಕ್ಕೆ ಬೀಳುತ್ತಾರೆ. ಎಡಗಡೆ ವೇರಿಯಬಲ್ಸ್ ಪಟ್ಟಿ ನೋಡುತ್ತ ಎಫ್10 ಒತ್ತುತ್ತ ಹೋಗಿ. ಮೊತ್ತ 72, 137, 217, 275 ಆಗಿ, ಐ 4 ಇದ್ದಾಗ 366ಕ್ಕೆ ಬರುತ್ತದೆ. ಲೆಕ್ಕ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹಳದಿ ಸಾಲು ಇನ್ನೊಮ್ಮೆ ಲೂಪಿನೊಳಗೆ ಬರುತ್ತದೆ, ಐ ಈಗ 5. ಅರೇಯಲ್ಲಿ ಇಲ್ಲದ ಆರನೇ ಮನೆಯಲ್ಲಿ ಏನು ಬಿದ್ದಿತ್ತೋ ಅದೂ ಮೊತ್ತಕ್ಕೆ ಸೇರುತ್ತದೆ. ಅಕಸ್ಮಾತ್ ಅಲ್ಲಿ ಸೊನ್ನೆ ಇದ್ದರೆ ಉತ್ತರ ಸರಿಯಾಗೇ ಬಂದುಬಿಡುತ್ತದೆ! ಮನೆಯಲ್ಲಿ ಸರಿ ಬಂದ ಪ್ರೋಗ್ರಾಂ ಲ್ಯಾಬಿನಲ್ಲಿ ಎಕ್ಸ್‌ಟರ್ನಲ್ ಎದುರಿಗೆ ಕೈಕೊಡುವುದು ಹೀಗೆಯೇ. ಹತ್ತು ಕಡೆ ಪ್ರಿಂಟ್‌ಎಫ್ ಹಾಕಿ ಹುಡುಕಬೇಕಾದ್ದನ್ನು ಇಲ್ಲಿ ಕಣ್ಣಾರೆ ಕಾಣಬಹುದು. ‘<5’ ಎಂದು ತಿದ್ದಿದ ಮೇಲೆ ಇನ್ನೊಂದು ಸಿಗುತ್ತದೆ: 366ನ್ನು 5ರಿಂದ ಭಾಗಿಸಿದರೆ 73.2 ಬರಬೇಕು, ಎರಡೂ ಇಂಟ್ ಆಗಿದ್ದರೆ 73 ಮಾತ್ರ ಉಳಿಯುತ್ತದೆ. ಅದನ್ನು ನೀವೇ ಸರಿಮಾಡಿ.

ಹೇಳಲೇಬೇಕಾದ್ದು, ಈ ಸೌಲಭ್ಯ ನಿಮ್ಮ ಲ್ಯಾಬಿನ ಟರ್ಬೋದಲ್ಲೂ ಇದೆ. ಎಫ್8 ಒತ್ತಿದರೆ ಒಂದೊಂದೇ ಸಾಲು ನಡೆಯುತ್ತದೆ, ಎಫ್7 ಒತ್ತಿದರೆ ಫಂಕ್ಷನ್ ಒಳಕ್ಕೂ ಹೋಗುತ್ತದೆ, ಕಂಟ್ರೋಲ್ ಎಫ್7 ಒತ್ತಿ ವೇರಿಯಬಲ್ ಹೆಸರು ಕೊಟ್ಟರೆ ಅದರ ಬೆಲೆ ಕೆಳಗೆ ಕಾಣುತ್ತಿರುತ್ತದೆ. ಎಷ್ಟೋ ಲ್ಯಾಬುಗಳಲ್ಲಿ ಇದನ್ನು ಯಾರೂ ಮುಟ್ಟುವುದೇ ಇಲ್ಲ. ಹಾಗಾಗಿ ನೀಲಿ ಸ್ಕ್ರೀನನ್ನು ಬೈಯುವ ಸೀನಿಯರ್‌ಗಳ ಮಾತಿಗೆ ನಾನು ಅರ್ಧ ಮಾತ್ರ ಒಪ್ಪುತ್ತೇನೆ.

ಆ ಅರ್ಧ ಒಪ್ಪುವುದಕ್ಕೂ ಕಾರಣ ಇದೆ. ಟರ್ಬೋ ಡಾಸ್ ಕಾಲದ 16 ಬಿಟ್ ಕಂಪೈಲರ್. ಅದರಲ್ಲಿ ಇಂಟ್‌ಗೆ 32767ರವರೆಗೆ ಮಾತ್ರ ಜಾಗ. 200ನ್ನು 200ರಿಂದ ಗುಣಿಸಿ ಇಂಟ್‌ನಲ್ಲಿಟ್ಟು ಪ್ರಿಂಟ್ ಮಾಡಿ, -25536 ಎಂದು ಬರುತ್ತದೆ. ಮನೆಯ ಜಿಸಿಸಿಯಲ್ಲಿ ಇಂಟ್ 32 ಬಿಟ್, 40000 ಎಂದೇ ಬರುತ್ತದೆ. ಸಿ++ಗೆ ಐಎಸ್‌ಒ ಮಾನಕ ಬಂದದ್ದು 1998ರಲ್ಲಿ, ಟರ್ಬೋ ಅದಕ್ಕೂ ಹಿಂದಿನದು. ಅದಕ್ಕೇ ಅಲ್ಲಿ ಕಲಿತ ಸಿ++ ಪ್ರೋಗ್ರಾಂ ಹೊಸ ಕಂಪೈಲರಿಗೆ ಕೊಟ್ಟರೆ ಹೆಡರ್ ಫೈಲಿನ ಹೆಸರಿನಿಂದಲೇ ಜಗಳ ಶುರು. ಪರೀಕ್ಷೆ ಲ್ಯಾಬಿನಲ್ಲೇ ನಡೆಯುವುದರಿಂದ ಎರಡೂ ಕಡೆ ಸಲ್ಲುವ ಹಾಗೆ ಬರೆಯಿರಿ: ‘ವಾಯ್ಡ್ ಮೇನ್’ ಬದಲು ‘ಇಂಟ್ ಮೇನ್’, ಕೊನೆಗೆ ‘ರಿಟರ್ನ್ 0’. ವೇರಿಯಬಲ್‌ಗಳನ್ನೆಲ್ಲ ಬ್ಲಾಕಿನ ಮೊದಲಿಗೇ ಹೇಳಿಬಿಡಿ. ‘ಕ್ಲಿಯರ್ ಸ್ಕ್ರೀನ್’, ‘ಗೆಟ್‌ಸಿಎಚ್’ ಎರಡನ್ನು ಲ್ಯಾಬಿನಲ್ಲಿ ಮಾತ್ರ ಸೇರಿಸಿದರಾಯಿತು.

ಎರರ್ ಓದುವುದರ ಬಗ್ಗೆ ಎರಡು ಮಾತು. ಇಪ್ಪತ್ತು ಎರರ್ ಬಂದರೂ ಮೊದಲನೆಯದನ್ನು ಮಾತ್ರ ನೋಡಿ, ಸರಿಮಾಡಿ, ಮತ್ತೆ ಕಂಪೈಲ್ ಮಾಡಿ. ಒಂದು ಸೆಮಿಕೋಲನ್ ಹಾಕಿದ್ದಕ್ಕೆ ಉಳಿದವು ತಾವಾಗೇ ಹೋಗುವುದುಂಟು. ತೋರಿಸಿದ ಸಾಲು ಸರಿಯಿದ್ದರೆ ಅದರ ಮೇಲಿನ ಸಾಲು ನೋಡಿ. ಮತ್ತೆ, ವಿಎಸ್ ಕೋಡ್ ಎಳೆಯುವ ಕೆಂಪು ಗೆರೆ ಕಂಪೈಲರಿನದಲ್ಲ, ಎಕ್ಸ್‌ಟೆನ್ಷನ್ ತನ್ನಷ್ಟಕ್ಕೆ ಓದಿ ಹೇಳುವ ಊಹೆ. ‘ಇನ್‌ಕ್ಲೂಡ್’ ಕೆಳಗೆ ಕೆಂಪು ಗೆರೆ ಇದ್ದೂ ಪ್ರೋಗ್ರಾಂ ಸಲೀಸಾಗಿ ಓಡಿದರೆ, ಎಕ್ಸ್‌ಟೆನ್ಷನ್‌ಗೆ ಕಂಪೈಲರಿನ ಜಾಗ ಗೊತ್ತಾಗಿಲ್ಲ ಎಂದಷ್ಟೇ ಅರ್ಥ. ಅದರ ಸೆಟ್ಟಿಂಗ್ಸಿನ ‘ಕಂಪೈಲರ್ ಪಾತ್’ನಲ್ಲಿ ಜಿಸಿಸಿ ತೋರಿಸಿ.

ಪೈಥಾನ್ ಬಂದಾಗ ಥಾನಿ ಎಂಬ ಐಡಿಇ ಹಾಕಿಕೊಳ್ಳಿ. ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, ಕಲಿಯುವವರಿಗೆಂದೇ ಮಾಡಿದ್ದು. ಪೈಥಾನ್ ಅದರ ಜೊತೆಯಲ್ಲೇ ಬರುವುದರಿಂದ ಪಾತ್ ಗೋಜಿಲ್ಲ. ಕಂಟ್ರೋಲ್ ಎಫ್5 ಕೊಟ್ಟು ಎಫ್7 ಒತ್ತುತ್ತ ಹೋದರೆ ಒಂದೇ ಸಾಲಿನ ಲೆಕ್ಕವನ್ನೂ ತುಂಡುತುಂಡಾಗಿ ಬಿಡಿಸಿ ತೋರಿಸುತ್ತದೆ. ಇಷ್ಟು ಚೆನ್ನಾಗಿ ತೋರಿಸುವ ದೊಡ್ಡ ಐಡಿಇ ನಾನು ಕಂಡಿಲ್ಲ. ಅದರಲ್ಲೇ ಒಂದು ತಮಾಷೆ ಮಾಡಿ ನೋಡಿ: ‘ಕನ್ನಡ’ ಎಂಬ ಪದದ ಉದ್ದ ಎಷ್ಟು ಎಂದು ಲೆನ್ ಫಂಕ್ಷನ್ನಿಗೆ ಕೇಳಿ. ನಮಗೆ ಮೂರು ಅಕ್ಷರ, ಪೈಥಾನ್ 5 ಅನ್ನುತ್ತದೆ. ‘ನ್ನ’ ಎಂಬ ಒತ್ತಕ್ಷರವನ್ನು ಅದು ಒಂದು ನ, ಅರ್ಧಾಕ್ಷರದ ಚಿಹ್ನೆ, ಇನ್ನೊಂದು ನ ಎಂದು ಮೂರಾಗಿ ಎಣಿಸುತ್ತದೆ. ಅದೇ ಪದ ಯುಟಿಎಫ್-8 ಫೈಲಿನಲ್ಲಿದ್ದರೆ ಸಿಯ ಸ್ಟ್ರ್‌ಲೆನ್ 15 ಅನ್ನುತ್ತದೆ, ಪ್ರತಿಯೊಂದಕ್ಕೂ ಮೂರು ಬೈಟ್. ಟರ್ಮಿನಲ್ಲಿನಲ್ಲಿ ಒತ್ತಕ್ಷರಗಳು ಮುರಿದಂತೆ ಕಂಡರೆ ನಿಮ್ಮ ಕೋಡನ್ನು ಅನುಮಾನಿಸಬೇಡಿ. ಟರ್ಮಿನಲ್ ಒಂದೊಂದು ಅಕ್ಷರಕ್ಕೂ ಒಂದೇ ಅಳತೆಯ ಮನೆ ಹಾಕಿಟ್ಟಿರುತ್ತದೆ, ನಮ್ಮ ಲಿಪಿ ಆ ಮನೆಗಳೊಳಗೆ ಕೂರುವುದಿಲ್ಲ. ಫೈಲಿಗೆ ಬರೆಸಿ ಎಡಿಟರಿನಲ್ಲಿ ತೆರೆದರೆ ನೆಟ್ಟಗೆ ಕಾಣುತ್ತದೆ.

ಜಾವಾಕ್ಕೆ ಶುರುವಿನಲ್ಲಿ ಬ್ಲೂಜೆ ಸಾಕು, ಜಾವಾ ಕಂಪೈಲರ್ ಇರುವ ಜೆಡಿಕೆ ಜೊತೆಗೇ ಬರುತ್ತದೆ. ಆಮೇಲೆ ಇಂಟೆಲಿಜೆ ಐಡಿಯಾ, ಅದರ ಉಚಿತ ಭಾಗವೇ ಬೇಕಾದಷ್ಟಾಯಿತು, ಆದರೆ 4 ಜಿಬಿಯಲ್ಲಿ ಏದುಸಿರು ಬಿಡುತ್ತದೆ. ಒಂದೊಂದಕ್ಕೂ ಒಂದೊಂದು ಕಲಿಯಬೇಕಾ ಎಂದಿರಿ. ಬ್ರೇಕ್‌ಪಾಯಿಂಟ್, ಒಂದೊಂದೇ ಸಾಲು ನಡೆಸುವುದು, ಹೆಸರನ್ನು ಎಲ್ಲ ಕಡೆ ಒಟ್ಟಿಗೆ ಬದಲಿಸುವುದು, ಫಂಕ್ಷನ್ ಬರೆದಿರುವ ಜಾಗಕ್ಕೆ ಹಾರುವುದು, ಇವು ಎಲ್ಲ ದೊಡ್ಡ ಐಡಿಇಗಳಲ್ಲೂ ಇವೆ, ಕೀಲಿ ಮಾತ್ರ ಬೇರೆ. ಒಂದರಲ್ಲಿ ಕೈ ಕುದುರಿದರೆ ಇನ್ನೊಂದು ವಾರದೊಳಗೆ ಕೂರುತ್ತದೆ.

ಎಐ ವಿಷಯ. ವಿಎಸ್ ಕೋಡ್‌ನಲ್ಲಿ ಈಗ ಕೋಪೈಲಟ್ ಎಂಬ ಎಐ ಸಹಾಯಕ ಜೊತೆಗೇ ಬರುತ್ತದೆ, 2024ರ ಡಿಸೆಂಬರಿನಿಂದ ಅದರ ಉಚಿತ ಆವೃತ್ತಿಯೂ ಇದೆ. ನೀವು ‘ಫಾರ್’ ಎಂದು ಬರೆಯುವಷ್ಟರಲ್ಲಿ ಬೂದು ಬಣ್ಣದಲ್ಲಿ ಪೂರ್ತಿ ಲೂಪನ್ನೇ ತೋರಿಸುತ್ತದೆ, ಟ್ಯಾಬ್ ಒತ್ತಿದರೆ ಮುಗಿಯಿತು. ತಪ್ಪು ಎನ್ನುವುದಿಲ್ಲ, ಕೆಲಸ ಮಾಡುವವರು ದಿನಾ ಬಳಸುತ್ತಾರೆ. ಆದರೆ ಲ್ಯಾಬ್ ಪರೀಕ್ಷೆಯ ಟರ್ಬೋದಲ್ಲಿ ಬೂದು ಅಕ್ಷರ ಬರುವುದಿಲ್ಲ. ಸಿ ಮುಗಿಯುವವರೆಗೆ ಸೆಟ್ಟಿಂಗ್ಸಿನಲ್ಲಿ ‘ಇನ್‌ಲೈನ್ ಸಜೆಸ್ಟ್’ ಎಂದು ಹುಡುಕಿ ಆಫ್ ಮಾಡಿ. ಹೆಸರು ಪೂರ್ತಿ ಮಾಡುವ ಸಾದಾ ಪಟ್ಟಿ ಇರಲಿ, ಅದರಿಂದ ಸ್ಪೆಲಿಂಗ್ ತಪ್ಪು ಕಡಿಮೆಯಾಗುತ್ತದೆ ಅಷ್ಟೇ. ಎರರ್ ಅರ್ಥವಾಗದೆ ಸಾಕಾದಾಗ ಆ ಎರರನ್ನು ಎಐ ಚಾಟ್‌ನಲ್ಲಿ ಹಾಕಿ “ಇದರ ಅರ್ಥ ಹೇಳು, ಕೋಡ್ ಕೊಡಬೇಡ” ಎಂದು ಕೇಳಿ.

ಲ್ಯಾಪ್‌ಟಾಪ್ ಸಿಗೂ ಪೈಥಾನಿಗೂ ಧಾರಾಳ ಸಾಕು. ಕ್ರೋಮಿನಲ್ಲಿ ಇಪ್ಪತ್ತು ಟ್ಯಾಬ್ ತೆರೆದಿಟ್ಟುಕೊಂಡು ಮಾತ್ರ ಕೂರಬೇಡಿ. ಮುಂದೆ ಮೊಬೈಲ್ ಆ್ಯಪ್ ಮಾಡುವ ಪೇಪರ್ ಬಂದರೆ ಕಷ್ಟ, ಆಂಡ್ರಾಯ್ಡ್ ಸ್ಟುಡಿಯೋ ಕನಿಷ್ಠ 8 ಜಿಬಿ ಕೇಳುತ್ತದೆ. ಹೊಸದು ಕೊಳ್ಳುವ ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು ‘ಪರ್ಫಾರ್ಮೆನ್ಸ್’ ಟ್ಯಾಬಿನ ‘ಮೆಮೊರಿ’ ನೋಡಿ. ‘ಸ್ಲಾಟ್ಸ್ ಯೂಸ್ಡ್’ ಎಂಬಲ್ಲಿ 2ರಲ್ಲಿ 1 ಎಂದಿದ್ದರೆ ಇನ್ನೊಂದು ರ್‍ಯಾಮ್ ಕಡ್ಡಿಗೆ ಜಾಗ ಇರಬಹುದು, ಅಂಗಡಿಯವರಿಗೆ ಮಾಡೆಲ್ ತೋರಿಸಿ ಕೇಳಿಕೊಳ್ಳಿ. ಅಲ್ಲೇ ಡಿಸ್ಕಿನ ಪಕ್ಕ ‘ಎಚ್‌ಡಿಡಿ’ ಎಂದಿದ್ದರೆ ರ್‍ಯಾಮಿಗಿಂತ ಮೊದಲು ಎಸ್‌ಎಸ್‌ಡಿ ಹಾಕಿಸಿ.